ಕಾರಿನ ರೇಡಾರ್ ಡಿಟೆಕ್ಟರ್‌ಗೆ ಮನೆಯಲ್ಲೇ ಮೌಂಟ್: ಸಕ್ಷನ್ ಕಪ್ ಬಿಟ್ಟು ಕನ್ನಡಿಯ ದಂಟಿಗೆ ಬಿಗಿದೆ

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹೆದ್ದಾರಿಯ ತಿರುವಿನಲ್ಲಿ ನನ್ನ ಡಿಟೆಕ್ಟರ್ (ಪೊಲೀಸರ ವೇಗ ಅಳೆಯುವ ರೇಡಾರ್ ಹತ್ತಿರ ಇದ್ದರೆ ಎಚ್ಚರಿಸುವ ಪೆಟ್ಟಿಗೆ) ಗಾಜಿನಿಂದ ಕಳಚಿ ಬಿತ್ತು. ಮೊದಲು ಡ್ಯಾಶ್‌ಬೋರ್ಡ್ ಮೇಲೆ, ಅಲ್ಲಿಂದ ಜಾರಿ ನನ್ನ ಕಾಲ ಕಡೆಗೆ. ವೈರ್ ಸ್ಟೀರಿಂಗ್ ಹಿಂದೆ ಸಿಕ್ಕಿಕೊಂಡು ನೇತಾಡಿತು, ಇಲ್ಲದಿದ್ದರೆ ಬ್ರೇಕ್ ಪೆಡಲ್ ಕೆಳಗೇ ಹೋಗುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಐದು ನಿಮಿಷ ಸುಮ್ನೆ ಕೂತಿದ್ದೆ. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ಗಾಜಿಗೆ ಕಚ್ಚಿಕೊಳ್ಳುವ ಯಾವುದನ್ನೂ ನಂಬುವುದಿಲ್ಲ ಅಂತ.

ಕಪ್ ಯಾಕೆ ಬಿಡುತ್ತದೆ ಅಂತ ಯೋಚಿಸಿದರೆ ಆಶ್ಚರ್ಯ ಏನೂ ಇಲ್ಲ. ಅದನ್ನು ಹಿಡಿದಿರುವುದು ಹೊರಗಿನ ಗಾಳಿಯ ಒತ್ತಡ. 3 ಸೆಂ.ಮೀ. ಅಗಲದ ಕಪ್‌ಗೆ ಲೆಕ್ಕದ ಪ್ರಕಾರ 7 ಕೆ.ಜಿ.ವರೆಗೆ ಹಿಡಿತ ಸಿಗಬೇಕು, 200 ಗ್ರಾಂ ಡಿಟೆಕ್ಟರ್‌ಗೆ ಅದು ಬೇಕಾದಷ್ಟಾಯಿತು. ಆದರೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕಪ್‌ನಲ್ಲಿ ಉಳಿದ ಚೂರು ಗಾಳಿ ಹಿಗ್ಗುತ್ತದೆ, ರಬ್ಬರ್ ಮೆತ್ತಗಾಗುತ್ತದೆ. ವರ್ಷ ಕಳೆದ ಹಾಗೆ ಅದೇ ರಬ್ಬರ್ ಗಟ್ಟಿಯಾಗಿ ಅಂಚಿನಿಂದ ಗಾಳಿ ನುಸುಳಲು ಶುರುವಾಗುತ್ತದೆ. ಎಷ್ಟು ಸಲ ಒರೆಸಿ, ನೀರು ಹಚ್ಚಿ ಒತ್ತಿದರೂ ಅಷ್ಟೇ.

ಹಾಗಾಗಿ ಒಳಗಿನ ಕನ್ನಡಿಯ ದಂಟಿಗೆ ಬಿಗಿಯುವ ಮೌಂಟ್ ಮಾಡಿದೆ. 2 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಅಲ್ಯುಮಿನಿಯಂ ಪಟ್ಟಿ ತೆಗೆದುಕೊಂಡೆ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಮಡಚಿ, ಕಾರಿನಲ್ಲಿ ಹಿಡಿದು ನೋಡಿದೆ. ನಾಲ್ಕು ರಟ್ಟು ಹೋಯಿತು, ಪಟ್ಟಿ ಒಂದೂ ಹಾಳಾಗಲಿಲ್ಲ. ದಂಟಿನ ದಪ್ಪ ಅಳೆಯಲು ಒಳಗೆ ಕ್ಯಾಲಿಪರ್ ಹೋಗುವುದಿಲ್ಲ. ಒಂದು ದಾರ ಸುತ್ತಿ ಗುರುತು ಮಾಡಿ, ಬಂದ ಉದ್ದವನ್ನು 3.14ರಿಂದ ಭಾಗಿಸಿದೆ. ನನ್ನ ಕಾರಿನಲ್ಲಿ ಅದು ಸುಮಾರು 16 ಮಿ.ಮೀ. ಬಂತು. ಪಟ್ಟಿಯ ಒಂದು ತುದಿಯನ್ನು ಅದೇ ದಪ್ಪದ ಸರಳಿನ ಮೇಲೆ ಬಡಿದು ಅರ್ಧ ವೃತ್ತ ಮಾಡಿದೆ, ಇನ್ನೊಂದು ಸಣ್ಣ ತುಂಡಿನಲ್ಲಿ ಉಳಿದ ಅರ್ಧ. ಎರಡನ್ನೂ 4 ಮಿ.ಮೀ. ಬೋಲ್ಟ್‌ಗಳಿಂದ ದಂಟಿಗೆ ಬಿಗಿದೆ, ನಡುವೆ ಸೈಕಲ್ ಟ್ಯೂಬ್ ತುಂಡು.

ಇನ್ನೊಂದು ಮುಖ್ಯ ಮಾತು. ಡಿಟೆಕ್ಟರ್ ಜೊತೆ ಬಂದ ಬ್ರ್ಯಾಕೆಟ್ ಎಸೆಯಬೇಡಿ. ಅದರ ಕಪ್‌ಗಳನ್ನು ಕಿತ್ತು, ಡಿಟೆಕ್ಟರ್‌ನ ತೋಡಿನೊಳಗೆ ಜಾರಿ ಟಕ್ ಅಂತ ಕೂರುವ ಆ ನಾಲಿಗೆಯ ಭಾಗವನ್ನು ಮಾತ್ರ ಪಟ್ಟಿಗೆ ಬೋಲ್ಟ್ ಮಾಡಿ. ಆ ನಾಲಿಗೆಯನ್ನು ಕೈಯಲ್ಲಿ ಅರ ಹಾಕಿ ಮಾಡಲು ಹೋದರೆ ಎರಡು ದಿನ ಹೋಗುತ್ತದೆ, ಆದರೂ ಸಡಿಲವಾಗಿಯೇ ಇರುತ್ತದೆ.

ಈಗ ಪಟ್ಟಿ ದಂಟಿನಿಂದ ನೇರ ಕೆಳಗೆ ಇಳಿದು ಡಿಟೆಕ್ಟರ್‌ನ ಮುಂದೆಯೇ ಹಾದು ಬರುತ್ತದೆ. ಗಟ್ಟಿಯಾಗಿದೆ. ತಪ್ಪಿದ್ದರೆ ಹೇಳಿ.

ರಟ್ಟುಕತ್ತರಿ:
ತುಂಬಾ ಚೆನ್ನಾಗಿ ಬರೆದಿದ್ದೀರಿ ಸರ್. ರಟ್ಟಿನ ಮಾತು ನೂರಕ್ಕೆ ನೂರು ಸರಿ. ನಾನು ಅಳತೆ ಬರೆದುಕೊಂಡು ನೇರ ಪಟ್ಟಿ ಕತ್ತರಿಸಿ, ಬಾಗಿಸಿದ ಜಾಗ ತಪ್ಪಾಯಿತು ಅಂತ ಮತ್ತೆ ನೆಟ್ಟಗೆ ಮಾಡಿ ಮತ್ತೆ ಬಾಗಿಸಿದೆ, ಅಲ್ಲೇ ಬಿರುಕು ಬಿಟ್ಟಿತು. ಅಲ್ಯುಮಿನಿಯಂ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗುವುದನ್ನು ತಡೆದುಕೊಳ್ಳುವುದಿಲ್ಲ. ಬಾಗಿಸುವಾಗ ವೈಸ್‌ನ ಚೂಪು ಅಂಚಿನ ಮೇಲೆ ಬಡಿಯಬೇಡಿ, ಒಂದು ಸಣ್ಣ ಸರಳನ್ನು ಇಟ್ಟು ಸ್ವಲ್ಪ ದುಂಡಗೆ ತಿರುಗಿಸಿ. ಗಟ್ಟಿ ಜಾತಿಯ ಅಲ್ಯುಮಿನಿಯಂ ಆದರೆ ಇದು ಇನ್ನೂ ಮುಖ್ಯ.

ಒಂದು ಅನುಮಾನ. ಲೋಹದ ಪಟ್ಟಿ ಡಿಟೆಕ್ಟರ್ ಮುಂದೆ ಇದೆ ಅಂದಿರಲ್ಲ, ಅದು ಸಿಗ್ನಲ್‌ಗೆ ಅಡ್ಡ ಬರುವುದಿಲ್ವಾ?

ತರಂಗ:
ಬರುತ್ತದೆ, ಖಂಡಿತ ಬರುತ್ತದೆ. ಹಳೇಗಾಡಿ ಅವರೇ, ಉಳಿದದ್ದೆಲ್ಲ ಹಾಗೇ ಇರಲಿ, ಆ ಪಟ್ಟಿಯನ್ನು ಮಾತ್ರ ಬದಲಿಸಿ.

ಯಾಕೆ ಅಂತ ಹೇಳುತ್ತೇನೆ. ವೇಗ ಅಳೆಯುವ ರೇಡಾರ್ ಗನ್‌ಗಳು ಮುಖ್ಯವಾಗಿ ಮೂರು ಬ್ಯಾಂಡ್‌ಗಳಲ್ಲಿ, ಅಂದರೆ ಆವರ್ತನದ ಗುಂಪುಗಳಲ್ಲಿ, ಕೆಲಸ ಮಾಡುತ್ತವೆ. ಈಗ ಅಪರೂಪವಾಗಿರುವ ಎಕ್ಸ್ ಬ್ಯಾಂಡ್ 10.525 ಗಿಗಾಹರ್ಟ್ಸ್, ಕೆ ಬ್ಯಾಂಡ್ 24.150ರ ಆಸುಪಾಸು, ಕೆಎ ಬ್ಯಾಂಡ್ 33.4ರಿಂದ 36 ಗಿಗಾಹರ್ಟ್ಸ್. ಅಲೆಯ ಉದ್ದ ಲೆಕ್ಕ ಹಾಕಿ. ಎಕ್ಸ್‌ನಲ್ಲಿ ಸುಮಾರು 28 ಮಿ.ಮೀ., ಕೆ ಬ್ಯಾಂಡ್‌ನಲ್ಲಿ 12, ಕೆಎಯಲ್ಲಿ 8ರಿಂದ 9. ನಿಮ್ಮ ಪಟ್ಟಿಯ ಅಗಲ 20. ಅಂದರೆ ಕೆ ಮತ್ತು ಕೆಎ ಅಲೆಗಳಿಗೆ ಅದು ದೊಡ್ಡ ಗೋಡೆ. ಡಿಟೆಕ್ಟರ್ ಒಳಗೆ ಮುಂಭಾಗದಲ್ಲಿ ಕಹಳೆಯಂಥ ಆಂಟೆನಾ ಇರುತ್ತದೆ, ಅದರ ಬಾಯಿ ಚಿಕ್ಕದು. ಆ ಬಾಯಿಗೇ ಅಲ್ಯುಮಿನಿಯಂ ಅಡ್ಡ ಹಿಡಿದರೆ ಗಟ್ಟಿ ಸಿಗ್ನಲ್ ಮಾತ್ರ ಹೇಗೋ ಪ್ರತಿಫಲಿಸಿ ಬಂದು ಸೇರುತ್ತದೆ. ದೂರದಿಂದ ಬರುವ ತೆಳು ಸಿಗ್ನಲ್ ಹೋಯಿತು ಅಂತಲೇ ಲೆಕ್ಕ. ಡಿಟೆಕ್ಟರ್ ಬೇಕಾಗಿರುವುದೇ ಆ ತೆಳು ಸಿಗ್ನಲ್‌ಗೆ ಅಲ್ವಾ?

ಪೊಲೀಸರು ವೇಗ ಅಳೆಯಲು ಬಳಸುವ ಲೇಸರ್ ಇನ್ನೂ ಸೂಕ್ಷ್ಮ. ಅದು 904 ನ್ಯಾನೋಮೀಟರ್ ಆಸುಪಾಸಿನ ಅವಗೆಂಪು ಬೆಳಕು, ನೇರ ದಾರಿ ಬೇಕೇ ಬೇಕು. ಗಾಜಿನ ಮೇಲಂಚಿನ ಬಣ್ಣದ ಪಟ್ಟಿ, ಕಪ್ಪು ಚುಕ್ಕೆಗಳ ಸಾಲು, ಇವುಗಳ ಹಿಂದೆ ಡಿಟೆಕ್ಟರ್ ಲೇಸರ್ ಹಿಡಿಯುವ ಕಣ್ಣು ಬರಬಾರದು. ವೈಪರ್ ಒರೆಸುವ ಜಾಗದಲ್ಲಿದ್ದರೆ ಒಳ್ಳೆಯದು, ಮಳೆಯಲ್ಲೂ ಕಾಣುತ್ತದೆ.

ಇನ್ನು ಕೆಲವು ಕಾರುಗಳ ಮುಂದಿನ ಗಾಜಿನಲ್ಲೇ ಬಿಸಿಲು ತಡೆಯಲು ತೆಳು ಲೋಹದ ಪದರ ಇರುತ್ತದೆ. ಅಂಥ ಗಾಜಿನ ಹಿಂದೆ ಎಷ್ಟು ಒಳ್ಳೆಯ ಮೌಂಟ್ ಮಾಡಿದರೂ ಪ್ರಯೋಜನ ಕಡಿಮೆ. ಕೆಲವು ತಯಾರಕರು ಟೋಲ್ ಟ್ಯಾಗ್‌ಗಾಗಿ ಕನ್ನಡಿಯ ಹತ್ತಿರ ಆ ಪದರ ಇಲ್ಲದ ಕಿಟಕಿ ಬಿಟ್ಟಿರುತ್ತಾರೆ, ಅದನ್ನು ಹುಡುಕಿ ಅಲ್ಲೇ ಡಿಟೆಕ್ಟರ್‌ನ ಮೂತಿ ಬರುವಂತೆ ಮಾಡಿ.

ಹಳೇಗಾಡಿ:
ತರಂಗ ಅವರೇ, ತುಂಬಾ ಧನ್ಯವಾದ. ಇದು ನನ್ನ ತಲೆಗೇ ಬಂದಿರಲಿಲ್ಲ. ಗಟ್ಟಿತನ ಒಂದನ್ನೇ ನೋಡಿದ್ದೆ. ಇವತ್ತು ಸಂಜೆ ಮತ್ತೆ ರಟ್ಟು ಹಿಡಿಯುತ್ತೇನೆ. ಪಟ್ಟಿ ದಂಟಿನಿಂದ ಮೊದಲು ಪಕ್ಕಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ತಿರುಗಿ, ಡಿಟೆಕ್ಟರ್‌ನ ಬೆನ್ನ ಮೇಲೆ ಬಂದು ಕೂರಬೇಕು. ಮೂತಿಯ ಮುಂದೆ ಏನೂ ಇರಬಾರದು.

ಮುದ್ರಕ:
ತ್ರೀಡಿ ಪ್ರಿಂಟರ್ ಇದ್ದವರಿಗೆ ಪ್ಲಾಸ್ಟಿಕ್‌ನಲ್ಲೇ ಮಾಡುವುದು ಸುಲಭ, ರೇಡಾರ್ ಅಲೆಗೂ ಲೋಹದಷ್ಟು ಅಡ್ಡ ಬರುವುದಿಲ್ಲ. ಆದರೆ ಯಾವ ಪ್ಲಾಸ್ಟಿಕ್ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಮೊದಲು ಪಿಎಲ್‌ಎಯಲ್ಲಿ ಮಾಡಿದೆ. ನೋಡಲು ಎಷ್ಟು ಚೆಂದ ಬಂದಿತ್ತು ಅಂದರೆ ನಾಲ್ಕು ಜನಕ್ಕೆ ಫೋಟೋ ಕಳಿಸಿದ್ದೆ. ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ನೋಡಿದರೆ ತೋಳು ಜೋತು ಬಿದ್ದು ಡಿಟೆಕ್ಟರ್ ನೆಲ ನೋಡುತ್ತಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಗಾಜಿನ ಹತ್ತಿರ ಬಿಸಿಲಲ್ಲಿ ಆ ಬಿಸಿ ಸುಲಭವಾಗಿ ಬರುತ್ತದೆ. ಪಿಇಟಿಜಿ 80ರ ತನಕ ತಡೆಯುತ್ತದೆ, ಆದರೆ ಭಾರ ಹೊತ್ತು ನಿಂತರೆ ಅದೂ ನಿಧಾನವಾಗಿ ಬಾಗುತ್ತದೆ. ಎಎಸ್‌ಎ ಅಥವಾ ಎಬಿಎಸ್ 100ರ ಹತ್ತಿರದವರೆಗೂ ನಿಲ್ಲುತ್ತವೆ. ಎರಡರಲ್ಲಿ ನನ್ನ ಆಯ್ಕೆ ಎಎಸ್‌ಎ, ಅದು ಬಿಸಿಲಿಗೆ ಬೇಗ ಹಳದಿಯಾಗಿ ಪೆಡಸಾಗುವುದಿಲ್ಲ.

ಪ್ರಿಂಟ್ ಮಾಡುವಾಗ ಪದರಗಳ ದಿಕ್ಕು ನೋಡಿ. ತೋಳನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರದ ಗೆರೆಯಲ್ಲೇ ಚಕ್ಕೆ ಎದ್ದ ಹಾಗೆ ಒಡೆಯುತ್ತದೆ. ಮಲಗಿಸಿ ಮಾಡಿ. ಕ್ಲ್ಯಾಂಪ್ ಬಾಯಿಗೆ ಸ್ಕ್ರೂ ನೇರ ಪ್ಲಾಸ್ಟಿಕ್‌ಗೆ ಹೋಗದೆ, ಒಂದು ಕಡೆ ನಟ್ ಕೂರುವ ಗುಳಿ ಬಿಡಿ.

ಅಕ್ರಿಲಿಕ್ ಹಾಳೆ ಕತ್ತರಿಸಿ, ಬಿಸಿ ಮಾಡಿ ಬಾಗಿಸಿದವರನ್ನೂ ನೋಡಿದ್ದೇನೆ. ಕೆಲಸ ಮಾಡುತ್ತದೆ, ಆದರೆ ಒಡೆದರೆ ಚೂಪು ಚೂರು ಬರುತ್ತದೆ, ಮುಖದ ಎದುರು ಅದು ಬೇಡ ಅನಿಸುತ್ತದೆ.

ಸಂಜೆಮಲ್ಲಿಗೆ:
ಚೂರಿನ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ಎಲ್ಲರೂ ಗಟ್ಟಿ ಇದೆಯಾ, ಸಿಗ್ನಲ್ ಬರುತ್ತಾ ಅಂತ ನೋಡುತ್ತಿದ್ದೀರಿ. ಕಾರು ಗುದ್ದಿದರೆ ಏನಾಗುತ್ತದೆ ಅಂತಲೂ ದಯವಿಟ್ಟು ಯೋಚಿಸಿ. 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಸರಾಸರಿ 14 ಪಟ್ಟು ಗುರುತ್ವದಷ್ಟು ಎಳೆತ. 200 ಗ್ರಾಂ ಡಿಟೆಕ್ಟರ್ ಆ ಕ್ಷಣಕ್ಕೆ ಸುಮಾರು 2.8 ಕೆ.ಜಿ. ಆಗಿಬಿಡುತ್ತದೆ, ಏಟಿನ ಗಟ್ಟಿ ಕ್ಷಣದಲ್ಲಿ ಅದಕ್ಕೂ ಜಾಸ್ತಿ. ಎರಡೂ ಕೈಯಲ್ಲಿ ಮೂರು ಕೆ.ಜಿ. ತೂಗುವಷ್ಟು ಎಳೆದು ನೋಡಿ, ಅಲುಗಾಡಿದರೆ ಮತ್ತೆ ಮಾಡಿ.

ಅಂಚುಗಳೆಲ್ಲ ಅರ ಹಾಕಿ ದುಂಡಗೆ ಮಾಡಿ. ಬೋಲ್ಟ್ ತುದಿ ಉದ್ದ ಉಳಿದಿದ್ದರೆ ಕತ್ತರಿಸಿ ಮೇಲೆ ದುಂಡು ಟೋಪಿ ನಟ್ ಹಾಕಿ. ಡ್ಯಾಶ್‌ಬೋರ್ಡ್ ಮೇಲೆ ಇಡುವ ಯೋಚನೆ ಇದ್ದರೆ, ಪಕ್ಕದ ಸೀಟಿನ ಏರ್‌ಬ್ಯಾಗ್ ಅಲ್ಲಿಂದಲೇ ಹಾರಿ ಬರುತ್ತದೆ ಅನ್ನುವುದು ನೆನಪಿರಲಿ. ಅದರ ಮುಚ್ಚಳದ ಮೇಲೆ ಇಟ್ಟದ್ದೆಲ್ಲ ಕೂತವರ ಮುಖಕ್ಕೆ ಬರುತ್ತದೆ. ನನ್ನ ಮಗಳು ಆ ಸೀಟಿನಲ್ಲಿ ಕೂರುತ್ತಾಳೆ, ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಾರಿಹೋಕ:
ಮೇಡಂ ಹೇಳಿದ್ದು ಸರಿ. ಇನ್ನೊಂದು ವಿಷಯ ಕೆಲಸ ಶುರು ಮಾಡುವ ಮೊದಲೇ ನೋಡಿಕೊಳ್ಳಿ. ಡಿಟೆಕ್ಟರ್ ಎಲ್ಲ ಕಡೆ ಕಾನೂನುಬದ್ಧ ಅಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸಾಮಾನ್ಯ ಕಾರಿಗೆ ಅಡ್ಡಿಯಿಲ್ಲ, ಆದರೆ ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧ, ದೊಡ್ಡ ವಾಣಿಜ್ಯ ಲಾರಿಗಳಿಗೆ ದೇಶದ ಎಲ್ಲೂ ಅನುಮತಿ ಇಲ್ಲ. ಫ್ರಾನ್ಸ್‌ನಲ್ಲಿ ಜೊತೆಗೆ ಇಟ್ಟುಕೊಂಡರೂ ತಪ್ಪು, ಜರ್ಮನಿಯಲ್ಲಿ ಓಡಿಸುವಾಗ ಬಳಸುವಂತಿಲ್ಲ. ಇನ್ನು ಕೆಲವು ಕಡೆ ಡಿಟೆಕ್ಟರ್ ಸರಿ, ಆದರೆ ಮುಂದಿನ ಗಾಜಿಗೆ ಏನನ್ನೂ ಅಂಟಿಸಬಾರದು ಅಂತ ಬೇರೆಯೇ ನಿಯಮ ಇದೆ. ಗಾಜು ಮುಟ್ಟದ ದಂಟಿನ ಮೌಂಟ್ ಅಂಥ ಕಡೆ ಅನುಕೂಲ ಆಗಬಹುದು, ಆದರೆ ನೋಟಕ್ಕೆ ಅಡ್ಡ ಬರಬಾರದು ಅನ್ನುವ ನಿಯಮ ಅದಕ್ಕೂ ಸೇರುತ್ತದೆ. ನೀವಿರುವ ಕಡೆಯ ನಿಯಮವನ್ನು ಓದಿಯೇ ಮುಂದುವರಿಯಿರಿ.

ಮರೆಯಲ್ಲಿ ಇಟ್ಟರೆ ಗೊತ್ತಾಗುವುದಿಲ್ಲ ಅಂತಲೂ ತಿಳಿಯಬೇಡಿ. ಡಿಟೆಕ್ಟರ್ ಒಳಗೆ ತರಂಗ ಹುಟ್ಟಿಸುವ ಆಸಿಲೇಟರ್‌ನಿಂದ ಚೂರು ತರಂಗ ಹೊರಗೆ ಸೋರುತ್ತದೆ, ಅದನ್ನೇ ಹಿಡಿಯುವ ಉಪಕರಣ ಪೊಲೀಸರ ಬಳಿ ಇರುತ್ತದೆ.

ತಂತಿಕೆಲಸ:
ವೈರ್ ಬಗ್ಗೆ ಯಾರೂ ಹೇಳಲೇ ಇಲ್ಲ. ಮೌಂಟ್ ಕನ್ನಡಿ ಹತ್ತಿರ ಹೋದ ಮೇಲೆ, ಸುರುಳಿ ವೈರನ್ನು ಗಾಜಿನ ಮಧ್ಯದಿಂದ ಲೈಟರ್ ಸಾಕೆಟ್‌ಗೆ ಇಳಿಬಿಟ್ಟರೆ ಅರ್ಧ ಕೆಲಸ ಹಾಳು. ಗೇರ್ ಹಾಕುವ ಕೈಗೆ ಸಿಕ್ಕಿಕೊಳ್ಳುತ್ತದೆ, ಅದರ ಎಳೆತಕ್ಕೇ ಡಿಟೆಕ್ಟರ್ ಒಂದು ಪಕ್ಕಕ್ಕೆ ವಾಲುತ್ತದೆ.

ಹೆಚ್ಚಿನ ಡಿಟೆಕ್ಟರ್‌ಗಳಿಗೆ ಹಳೆಯ ಟೆಲಿಫೋನ್ ವೈರಿನ ಹಾಗೆ ಆರ್‌ಜೆ11 ಪ್ಲಗ್ ಇರುತ್ತದೆ. ಹಾಗಂತ ಮನೆಯ ಫೋನ್ ವೈರ್ ಚುಚ್ಚಬೇಡಿ, ಯಾವ ಪಿನ್‌ಗೆ ಪ್ಲಸ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಮೀಟರ್ ಹಿಡಿದು ನೋಡಿ. ಫ್ಯೂಸ್ ಪೆಟ್ಟಿಗೆಯಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗ ಹುಡುಕಿ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಿಂದ ಇನ್ನೊಂದು ವೈರ್ ತೆಗೆಯುವ ತುಂಡು) ಹಾಕಿ, 2 ಆಂಪಿಯರ್ ಫ್ಯೂಸ್ ಸಾಕು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ವ್ಯವಸ್ಥೆ) ಅಂತ ಬರೆದ ಫ್ಯೂಸ್‌ಗಳನ್ನು ಮುಟ್ಟಲೇಬೇಡಿ. ರಾತ್ರಿ ತಾನೇ ಮಂಕಾಗುವ ಕನ್ನಡಿ ಇದ್ದರೆ ಅದರ ವೈರ್‌ನಿಂದಲೇ ಕರೆಂಟ್ ತೆಗೆಯಬಹುದು, ಗಿಡ್ಡ ವೈರ್‌ನಲ್ಲಿ ಮುಗಿಯುತ್ತದೆ.

ವೈರನ್ನು ಮೇಲ್ಛಾವಣಿಯ ಬಟ್ಟೆಯ ಅಂಚಿಗೆ ಬೆರಳಿನಿಂದ ತುರುಕುತ್ತಾ ಹೋಗಿ. ಬಾಗಿಲ ಪಕ್ಕದ ಕಂಬಕ್ಕೆ ಬಂದಾಗ ನಿಧಾನ. ಅನೇಕ ಕಾರುಗಳಲ್ಲಿ ಅಲ್ಲಿ ಪರದೆ ಏರ್‌ಬ್ಯಾಗ್ ಇದೆ. ವೈರ್ ಅದರ ಹಿಂದಿನಿಂದ ಹೋಗಬೇಕು, ಎದುರಿನಿಂದ ಯಾವತ್ತೂ ಬೇಡ. ಗೊತ್ತಾಗದಿದ್ದರೆ ಕಂಬದ ಮುಚ್ಚಳ ಬಿಚ್ಚಲು ಕಲಿತವರ ಕೈಗೆ ಕೊಡಿ.

ಹೊಸಬಂಡಿ:
ನನ್ನ ಕಾರಿನಲ್ಲಿ ಕನ್ನಡಿಯ ಬುಡ ಪೂರ್ತಿ ಪ್ಲಾಸ್ಟಿಕ್ ಗೂಡು. ಒಳಗೆ ಕ್ಯಾಮೆರಾ, ಮಳೆ ಸೆನ್ಸರ್ ಎಲ್ಲ ಇದೆ. ದಂಟೇ ಕಾಣುವುದಿಲ್ಲ. ಏನು ಮಾಡಲಿ?

ಹಳೇಗಾಡಿ:
ಆ ಗೂಡಿಗೆ ಏನನ್ನೂ ಬಿಗಿಯಬೇಡಿ, ಒತ್ತಡಕ್ಕೆ ಕ್ಯಾಮೆರಾ ಚೂರು ಓರೆಯಾದರೂ ಗಾಡಿಯ ಸುರಕ್ಷತೆಯ ವ್ಯವಸ್ಥೆ ತಪ್ಪು ನೋಡುತ್ತದೆ. ಗೂಡು ಮುಗಿದ ಮೇಲೆ ಕನ್ನಡಿ ತಿರುಗುವ ಗುಂಡಿನ ಕೀಲಿಗೆ ಮೊದಲು 2 ಸೆಂ.ಮೀ. ದಂಟು ಸಿಕ್ಕಿದರೂ ಸಾಕು. ನೆನಪಿಡಿ, ಕೀಲಿಗಿಂತ ಗಾಜಿನ ಕಡೆಯ ದಂಟು. ಕೀಲಿನ ಈಚೆ, ಕನ್ನಡಿಯ ಬೆನ್ನಿಗೆ ಬಿಗಿದರೆ ಕನ್ನಡಿ ಸರಿ ಮಾಡಿದಾಗಲೆಲ್ಲ ಡಿಟೆಕ್ಟರ್ ತಿರುಗುತ್ತದೆ, ಭಾರಕ್ಕೆ ಕನ್ನಡಿಯೂ ಇಳಿಯುತ್ತದೆ.

ರಟ್ಟುಕತ್ತರಿ:
ದಂಟು ಸಿಗದೇ ಇದ್ದರೆ ಅಂಟು ಟೇಪ್ ಒಂದೇ ದಾರಿ, ಹೊಸಬಂಡಿ ಅವರೇ. ನನ್ನ ಇನ್ನೊಂದು ಕಾರಿನಲ್ಲಿ ಹಾಗೇ ಮಾಡಿದ್ದೇನೆ. ಸಾಮಾನ್ಯ ಫೋಮ್ ಟೇಪ್ ಬೇಡ, ಕಾರಿನ ಹೊರಗಿನ ಬೀಡಿಂಗ್ ಅಂಟಿಸಲು ಬಳಸುವ ಅಕ್ರಿಲಿಕ್ ಫೋಮ್ ಟೇಪ್, ವಿಎಚ್‌ಬಿ ಅನ್ನುವ ಜಾತಿ. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮ ಬೆರೆಸಿ ಒರೆಸಿ, ಒಣಗಿದ ಮೇಲೆ ಅಂಟಿಸಿ 15 ಸೆಕೆಂಡ್ ಗಟ್ಟಿ ಒತ್ತಿ ಹಿಡಿಯಿರಿ. ಆಮೇಲೆ ಮುಖ್ಯವಾದದ್ದು ತಾಳ್ಮೆ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು, ಒಂದು ದಿನಕ್ಕೆ ಮುಕ್ಕಾಲಿಗಿಂತ ಜಾಸ್ತಿ ಬಂದಿರುತ್ತದೆ. ಅಂಟಿಸಿದ ತಕ್ಷಣ ಡಿಟೆಕ್ಟರ್ ನೇತು ಹಾಕಿ, ಬಿತ್ತು ಅಂತ ಟೇಪನ್ನು ಬೈಯುವವರೇ ಜಾಸ್ತಿ. ಕಪ್ಪು ಚುಕ್ಕೆಗಳ ಮೇಲೆ ಅಂಟಿಸಬೇಡಿ, ಮೈ ಒರಟು. ತೆಗೆಯಬೇಕಾದಾಗ ಮೀನಿನ ಗಾಳದ ದಾರ ಅಥವಾ ಹಲ್ಲಿನ ದಾರವನ್ನು ಟೇಪ್ ಮಧ್ಯದಲ್ಲಿ ಗರಗಸದ ಹಾಗೆ ಎಳೆಯಿರಿ, ಗಾಜು ಕೆರೆಯಬೇಡಿ.

ಹೊಸಬಂಡಿ:
ತುಂಬಾ ಉಪಕಾರ ಆಯಿತು ಇಬ್ಬರಿಗೂ. ಗೂಡಿನ ಕೆಳಗೆ ಬೆರಳು ಹಾಕಿ ನೋಡಿದೆ, ದಂಟು 1 ಸೆಂ.ಮೀ. ಕೂಡ ಸಿಗುತ್ತಿಲ್ಲ. ಟೇಪ್ ತರಿಸುತ್ತೇನೆ.

ಹಳೇಗಾಡಿ:
ಎರಡನೇ ಪಟ್ಟಿ ಮಾಡಿದ್ದಾಯಿತು. ಈಗ ಮೂತಿಯ ಮುಂದೆ ಗಾಜು ಬಿಟ್ಟರೆ ಏನೂ ಇಲ್ಲ. ಡಿಟೆಕ್ಟರ್‌ನ ಹೆಚ್ಚು ಭಾಗ ಕನ್ನಡಿಯ ಮರೆಯಲ್ಲೇ ಇದೆ, ಡಿಸ್‌ಪ್ಲೇ ಮಾತ್ರ ಕೆಳ ಅಂಚಿನಿಂದ ಕಾಣುತ್ತದೆ. ರಸ್ತೆ ನೋಡುವುದಕ್ಕೆ ಮೊದಲಿಗಿಂತ ಅಡ್ಡಿ ಕಡಿಮೆ. ಮಟ್ಟ ನೋಡಲು ಕಾರನ್ನು ಸಮ ನೆಲದ ಮೇಲೆ ನಿಲ್ಲಿಸಿ ಡಿಟೆಕ್ಟರ್ ಬೆನ್ನ ಮೇಲೆ ಪುಟ್ಟ ರಸಮಟ್ಟ ಇಟ್ಟೆ. ಆಂಟೆನಾ ರಸ್ತೆಗೆ ಸಮಾಂತರ ಇರಬೇಕು, ಆಕಾಶ ನೋಡಬಾರದು. ಗಾಜಿನ ಓರೆ ನೋಡಿ ಕಣ್ಣಂದಾಜಿನಲ್ಲಿ ಮಾಡಿದರೆ ಮೋಸ ಹೋಗುತ್ತೇವೆ, ನನ್ನದು ಹಿಂದೆ ಅಷ್ಟು ದಿನವೂ ಮೂತಿ ಮೇಲೆತ್ತಿಕೊಂಡೇ ಇತ್ತು ಅಂತ ಈಗ ಗೊತ್ತಾಯಿತು.

ಒಂದು ತೊಂದರೆ ಉಳಿದಿದೆ. ಒರಟು ರಸ್ತೆಯಲ್ಲಿ ಜಿರ್ ಅಂತ ಸಣ್ಣ ಸದ್ದು, ಡಿಸ್‌ಪ್ಲೇ ಅಕ್ಷರವೂ ನಡುಗುತ್ತದೆ. ಬೋಲ್ಟ್ ಬಿಗಿಯಾಗಿಯೇ ಇದೆ.

ಮುದ್ರಕ:
ಪಟ್ಟಿ ಉದ್ದ ಎಷ್ಟಿದೆ? ಉದ್ದ ತೋಳು ಸ್ಪ್ರಿಂಗ್ ಇದ್ದ ಹಾಗೆ. ಅದೇ ದಪ್ಪದಲ್ಲಿ ಉದ್ದ ಅರ್ಧ ಮಾಡಿದರೆ ಎಂಟು ಪಟ್ಟು ಗಟ್ಟಿಯಾಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೂ ಅಷ್ಟೇ, ಎಂಟು ಪಟ್ಟು. ಕಡಿಮೆ ಮಾಡಲು ಜಾಗ ಇಲ್ಲದಿದ್ದರೆ ಪಟ್ಟಿಯ ಎರಡು ಅಂಚನ್ನೂ 4 ಮಿ.ಮೀ. ಮೇಲಕ್ಕೆ ಮಡಚಿ ಕಾಲುವೆಯ ಆಕಾರ ಕೊಡಿ, ಆಮೇಲೆ ಅದು ಬಗ್ಗುವುದೇ ಇಲ್ಲ.

ಸಂಜೆಮಲ್ಲಿಗೆ:
ಸದ್ದು ನಾಲಿಗೆ ತೋಡಿನೊಳಗೆ ಅಲುಗಾಡುವುದರಿಂದ ಇರಬಹುದು. ನನ್ನದರಲ್ಲಿ ಅದೇ ಆಗಿತ್ತು. ನಾಲಿಗೆಯ ಒಂದು ಬದಿಗೆ ತೆಳು ಬಟ್ಟೆ ಟೇಪ್ ಅಂಟಿಸಿದೆ, ನಿಂತಿತು.

ಹಳೇಗಾಡಿ:
ನಾಲ್ಕು ತಿಂಗಳಾಯಿತು, ಹೇಳಿ ಹೋಗೋಣ ಅಂತ ಬಂದೆ. ಇಬ್ಬರೂ ಹೇಳಿದ್ದು ಸರಿ. ಸದ್ದು ನಾಲಿಗೆಯದು, ಬಟ್ಟೆ ಟೇಪ್‌ಗೆ ಹೋಯಿತು. ನಡುಕ ಪಟ್ಟಿಯದು. ತೋಳು 14 ಸೆಂ.ಮೀ. ಇತ್ತು, ಮತ್ತೊಂದು ರಟ್ಟು ಕತ್ತರಿಸಿ ದಾರಿ ಬದಲಿಸಿ 9ಕ್ಕೆ ಇಳಿಸಿದೆ, ಅಂಚನ್ನೂ ಮಡಚಿದೆ. ಪಟ್ಟಿಗೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕಪ್ಪು ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಿದೆ, ಇಲ್ಲದಿದ್ದರೆ ಬಿಸಿಲಿಗೆ ಅಲ್ಯುಮಿನಿಯಂ ಹೊಳೆದು ಗಾಜಿನಲ್ಲಿ ಪ್ರತಿಬಿಂಬ ಬೀಳುತ್ತಿತ್ತು. ಸಾಮಾನ್ಯ ನಟ್ ತೆಗೆದು ನೈಲಾಕ್ ನಟ್ ಹಾಕಿದೆ, ಅದು ನಡುಕಕ್ಕೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಕಾರು ನಿಲ್ಲಿಸಿದಾಗ ಡಿಟೆಕ್ಟರ್ ತೆಗೆದು ಡಬ್ಬದೊಳಗೆ ಇಡುತ್ತೇನೆ, ಬಿಸಿಗೂ ಒಳ್ಳೆಯದು, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ನಾಲಿಗೆ ಇರುವುದರಿಂದ ಒಂದೇ ಕೈಯಲ್ಲಿ ಆಗುತ್ತದೆ. ವಾರಕ್ಕೊಮ್ಮೆ ಕನ್ನಡಿಯ ಬುಡ ಅಲುಗಾಡುತ್ತಾ ಅಂತ ಕೈ ಹಾಕಿ ನೋಡುತ್ತೇನೆ, ಇಲ್ಲಿಯವರೆಗೆ ಗಟ್ಟಿ ಇದೆ. ಹೊಸಬಂಡಿ ಅವರೇ, ನಿಮ್ಮ ಟೇಪ್ ಹೇಗಿದೆ?

ಹೊಸಬಂಡಿ:
72 ಗಂಟೆ ಕಾದೆ ಸರ್. ಎರಡು ತಿಂಗಳ ಬಿಸಿಲು ನೋಡಿದೆ, ಅಲ್ಲೇ ಇದೆ.